ಗಂಟಿಲ್ಲದ ತೋಟ

"ಇಲ್ಲಿ ಏನನ್ನೂ ಕಟ್ಟಬೇಡಿ," ಎಂದಳು ತೋಟದಮ್ಮ, ಗೇಟಿನ ಕೊಂಡಿ ತೆಗೆಯುತ್ತ. "ಅಷ್ಟೇ ನಾನು ಹೇಳೋದು. ಹಾಡಿ, ಕುಣೀರಿ, ಒಲೆ ಹಚ್ಚಿ, ಹಣ್ಣು ಕಿತ್ಕೊಂಡು ತಿನ್ನಿ. ಗಂಟು ಮಾತ್ರ ಹಾಕಬೇಡಿ. ಮರಕ್ಕಂತೂ ದಾರದ ಎಳೆ ಕೂಡ ಸುತ್ತಬೇಡಿ."

ಡೇರೆ ಮಾಸ್ತರನಿಗೆ ನಗು ತಡೆಯಲಾಗಲಿಲ್ಲ. ಮಾಸ್ತರ ಎಂದರೆ ಶಾಲೆಯ ಮಾಸ್ತರನಲ್ಲ. ಮದುವೆಗೆ, ಸಭೆಗೆ, ಸಾವಿನ ಮನೆಗೆ ಡೇರೆ ಹಾಕುವವನು. ಮೀಸೆ ಚಿಗುರುವ ಮೊದಲೇ ಹಗ್ಗ ಹಿಡಿದ ಕೈ ಅದು. ಬಿರುಗಾಳಿಗೆ ಅಕ್ಕಪಕ್ಕದ ಮನೆಗಳ ಹೆಂಚು ಹಾರಿಹೋದ ದಿನವೂ ತಾನು ಕಟ್ಟಿದ ಡೇರೆ ಕಣ್ಣು ಮಿಟುಕಿಸಲಿಲ್ಲವೆಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

"ಕಟ್ಟದೇ ಡೇರೆ ಹೆಂಗಮ್ಮ ನಿಲ್ಲುತ್ತೆ? ಸ್ವಲ್ಪ ಹಿಡ್ಕೊಂಡಿರಪ್ಪಾ ಅಂತ ಗಾಳಿ ಕೈಕಾಲು ಹಿಡೀಲಾ?"

"ಮರಳು ತುಂಬಿದ ಡಬ್ಬ ಇಟ್ಟಿದೀನಿ. ಕೋಲು ಅದರಲ್ಲಿ ನಿಲ್ಸಿ. ಅಂಚಿಗೆ ಕಲ್ಲು ಹೇರಿ. ಬಂದೋರೆಲ್ಲ ಹಂಗೇ ಮಾಡೋದು."

"ಕಲ್ಲು ಹೇರೋದು ಉಪ್ಪಿನಕಾಯಿ ಜಾಡಿಗೆ ಅಮ್ಮಾ, ಡೇರೆಗಲ್ಲ."

ತೋಟದಮ್ಮ ನಗಲಿಲ್ಲ. ದಪ್ಪ ಮೈಯ, ಗಟ್ಟಿ ದನಿಯ ಹೆಂಗಸು. ಕೂದಲನ್ನು ಗಂಡಸರ ಹಾಗೆ ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು. ಅಂಗಿಗೆ ಗುಂಡಿ, ಕಾಲಿಗೆ ತೂರಿಸಿಕೊಳ್ಳುವ ಚಪ್ಪಲಿ. ಮೈಮೇಲೆಲ್ಲೂ ಒಂದು ಲಾಡಿಯಿಲ್ಲ. ಅವಳ ಹಿಂದೆ ಬಾವಿಯ ಬಕೀಟು ಕಬ್ಬಿಣದ ಸರಪಳಿಯಲ್ಲಿ ತೂಗುತ್ತಿತ್ತು. ಒಗೆದ ಬಟ್ಟೆಗಳನ್ನು ತಂತಿಗೆ ಹಾಕದೆ ಬಂಡೆಗಳ ಮೇಲೆ ಹರಡಿದ್ದಳು. ಹಣ್ಣಿನ ಪೆಟ್ಟಿಗೆಗಳಿಗೆಲ್ಲ ಮೊಳೆ. ಇಷ್ಟು ದೊಡ್ಡ ತೋಟದಲ್ಲಿ ಹುಡುಕಿದರೂ ಒಂದು ಗಂಟು ಸಿಕ್ಕುವ ಹಾಗಿರಲಿಲ್ಲ.

ಅವಳ ಕಣ್ಣು ಮಾಸ್ತರನ ಪುಟ್ಟ ಮಗಳ ಮೇಲೆ ನಿಂತಿತು. "ಜಡೆಯ ರಿಬ್ಬನ್ನು ತೆಗೆದುಬಿಡಿ. ಅಜ್ಜೀ, ನಿಮ್ಮ ಬಟ್ಟೆಗಂಟನ್ನೂ ಬಿಚ್ಚಿಬಿಡಿ."

ಮಾಸ್ತರನ ಅತ್ತೆ ಬೇರೆ ಯಾರ ಮಾತನ್ನೂ ಒಂದೇ ಸಲಕ್ಕೆ ಕೇಳಿದವಳಲ್ಲ. ಇವತ್ತು ಮಾತ್ರ ತುಟಿ ಎರಡು ಮಾಡದೆ ಬಿಚ್ಚಿದಳು. ಹೆಂಡತಿ ಮಗಳ ಜಡೆ ಬಿಚ್ಚಿದಳು. ಕೂದಲು ಬಿಚ್ಚಿದ ಖುಷಿಗೆ ಮಗು ಗಿರಗಿರನೆ ಸುತ್ತತೊಡಗಿತು. ಬುಗುರಿ ಎಂಬ ಹೆಸರು ಅದಕ್ಕೆ ಬಂದದ್ದೇ ಹಾಗೆ. ಉಣ್ಣುವಾಗ ಸುತ್ತು, ಬಯ್ಯಿಸಿಕೊಳ್ಳುವಾಗ ಸುತ್ತು; ನಿದ್ದೆಯಲ್ಲೂ ಹಾಸಿಗೆಯ ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ.

ಅವರು ಇಲ್ಲಿಗೆ ಬಂದದ್ದೂ ಅವಳಿಂದಲೇ. "ಅಪ್ಪಾ, ಎಲ್ರಿಗೂ ಡೇರೆ ಹಾಕ್ತೀಯ, ನಾವು ಯಾವಾಗ ಡೇರೇಲಿ ಮಲಗೋದು?" ಎಂದು ಕೇಳಿದ್ದಳು. ಆ ಮಾತು ಮಾಸ್ತರನ ಎದೆಗೆ ಚುಚ್ಚಿತ್ತು. ಹೌದಲ್ಲ, ಇಷ್ಟು ವರ್ಷ ಊರಿಗೆಲ್ಲ ನೆರಳು ಮಾಡಿದವನು ತನ್ನದೇ ಕ್ಯಾನ್ವಾಸಿನ ಕೆಳಗೆ ಒಂದು ದಿನ ಬೆನ್ನು ಚಾಚಿರಲಿಲ್ಲ. ಡೇರೆ ಹಾಕಿ ಉಳಿಯುವವರಿಗೆ ಈ ತೋಟದಲ್ಲಿ ಜಾಗ ಕೊಡುತ್ತಾರೆಂದು ಕೇಳಿ ಮನೆಯವರನ್ನೆಲ್ಲ ಕರೆತಂದಿದ್ದ.

"ಯಜಮಾನರಿಲ್ವಾ?" ಎಂದು ಕೇಳಿದ ಮಾಸ್ತರ, ಗಂಡಸಿನ ಹತ್ತಿರವಾದರೂ ನ್ಯಾಯವಾಗಿ ಮಾತಾಡೋಣವೆಂದು.

"ಇದ್ದಾರೆ. ಗೇಟಿನ ಹತ್ರಾನೇ ಇರ್ತಾರೆ."

ಗೇಟಿನ ಹತ್ತಿರ ಯಾರೂ ಇರಲಿಲ್ಲ. ಒಂದು ಚಕ್ಕೋತದ ಮರವಿತ್ತು, ಅಷ್ಟೆ. ಕಾಂಡದ ನಡುವೆ ಮನುಷ್ಯನ ಹೊಟ್ಟೆಯಂಥ ಉಬ್ಬು. ಅತ್ತೆ ಬಗ್ಗಿ ನೋಡಿ, "ಅಯ್ಯೋ, ಮರಕ್ಕೆ ಗುಂಡಿ ಯಾರು ಹೊಲಿದ್ರು?" ಎಂದಳು. ನಿಜ. ತೊಗಟೆಯ ಒಳಗಿಂದ ಅಂಗಿಯ ಬಿಳಿ ಗುಂಡಿಯೊಂದು ಮಿನುಗುತ್ತಿತ್ತು. ಬುಗುರಿ ಅದನ್ನು ಮುಟ್ಟಲು ಕೈ ಚಾಚಿದಳು. ತೋಟದಮ್ಮ ಮುಂದೆ ಬಂದು, ಬಹಳ ಮೆತ್ತಗೆ, ಆ ಗುಂಡಿಯ ಮೇಲೆ ಅಂಗೈ ಮುಚ್ಚಿದಳು.

*

ತೋಟ ಇಳಿಜಾರಿನಲ್ಲಿ ನದಿಯವರೆಗೆ ಹಬ್ಬಿತ್ತು. ಎಲ್ಲಿ ನೋಡಿದರೂ ಚಕ್ಕೋತ. ಎಲೆಗಳು ಎಷ್ಟು ದಟ್ಟವೆಂದರೆ ಬೆಳಗ್ಗೆಯೂ ಕೆಳಗೆ ಕತ್ತಲೆ ಉಳಿದುಕೊಂಡಿತ್ತು, ಗುಡಿಸಿದರೂ ಹೋಗದ ಕಸದ ಹಾಗೆ. ಆ ಕತ್ತಲೆಯಲ್ಲಿ ಹಣ್ಣುಗಳು, ಒಂದೊಂದೂ ತಲೆಯಷ್ಟು, ಮಂಕು ಹಳದಿಯಾಗಿ ತೂಗಿಕೊಂಡಿದ್ದವು. ಸಿಪ್ಪೆಯ ಕಹಿ ಸುವಾಸನೆ; ಅದರಡಿಯಲ್ಲಿ ನದಿಯ ಕೆಸರು ವಾಸನೆ; ಅದಕ್ಕೂ ಅಡಿಯಲ್ಲಿ ಇನ್ನೊಂದು. ಬಹಳ ದಿನ ಮುಚ್ಚಿಟ್ಟ ಟ್ರಂಕು ತೆರೆದಾಗ ಹಳೆಯ ಬಟ್ಟೆಗಳಿಂದ ಬರುತ್ತದಲ್ಲ, ಅಂಥದ್ದು. ಹಕ್ಕಿಗಳ ಸದ್ದಿಲ್ಲ. ನೀರಿನ ಸದ್ದು ಮಾತ್ರ, ಯಾರೋ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿರುವ ಹಾಗೆ.

ತೋಟದಮ್ಮ ಮರೆಯಾದದ್ದೇ ತಡ, ಮಾಸ್ತರ ಮರಳಿನ ಡಬ್ಬಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಕೈಚೀಲದಿಂದ ಹಗ್ಗದ ಸುರುಳಿ ತೆಗೆದ.

"ರೀ, ಬೇಡ ಅಂದ್ರಲ್ಲ ಅವರು," ಎಂದಳು ಹೆಂಡತಿ. ಡೇರೆಯ ಬಟ್ಟೆ ಹೊಲಿಯುವವಳು ಅವಳೇ. ಗಂಡನ ಕೆಲಸದಲ್ಲಿ ಅರ್ಧ ಅವಳದು. "ಕಲ್ಲು ಹೇರಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೋಡು, ಅಡುಗೆಯವನ ಮುಂದೆ ಹಸಿ ಅಕ್ಕಿ ಇಟ್ಟು ಹಿಂಗೇ ತಿನ್ನಪ್ಪ ಅಂದ್ರೆ ತಿಂತಾನಾ? ನಾನು ಹಾಕಿದ ಡೇರೆ ಕಲ್ಲಿನ ಮೇಲೆ ನಿಂತಿತ್ತು ಅಂತ ಯಾರಾದ್ರೂ ಕೇಳಿದ್ರೆ ಮುಖ ಎಲ್ಲಿಡ್ಲಿ?"

"ಎಲ್ಲಿಟ್ರೂ ಅಷ್ಟೇ, ಬಿಡು. ಅಂಥಾ ಮುಖಾನೇನಲ್ಲ," ಎಂದಳು ಅತ್ತೆ, ಹುಲ್ಲಿನ ಮೇಲೆ ಕಾಲು ಚಾಚುತ್ತ. "ಡೇರೆ ಮಾಸ್ತರ್‍ರೇ, ಪರರ ತೋಟ. ಹೇಳಿದ್ದು ಕೇಳಿದ್ರೆ ಮೀಸೆ ಉದುರಲ್ಲ." ಅಳಿಯನನ್ನು ಅವಳು ಹೆಸರು ಹಿಡಿದೂ ಕರೆದವಳಲ್ಲ, ಬಾಯಿತುಂಬ ಮಗನೇ ಎಂದೂ ಅಂದವಳಲ್ಲ. ಡೇರೆ ಮಾಸ್ತರ್‍ರೇ ಎಂದು ಚುಚ್ಚುವುದೇ ಅವಳ ಅಕ್ಕರೆ.

ಮಾಸ್ತರ ಕಟ್ಟಿದ. ನಾಲ್ಕು ಮೂಲೆಯಿಂದ ನಾಲ್ಕು ಮರಕ್ಕೆ, ತಂತಿಯ ಹಾಗೆ ಬಿಗಿದು. ಡೇರೆ ಎದೆಯುಬ್ಬಿಸಿ ನಿಂತಿತು. ಹಗ್ಗಗಳನ್ನು ಬೆರಳಿನಿಂದ ಮೀಟಿದ, ಟಂಯ್ ಎಂದವು. ಆ ಸದ್ದು ಅವನಿಗೆ ಯಾವ ಹಾಡಿಗಿಂತಲೂ ಇಷ್ಟ.

ಮಧ್ಯಾಹ್ನ ಅನ್ನ, ಬೇಯಿಸಿದ ಮೊಟ್ಟೆ ಉಂಡರು. ಉಂಡು ಕೈ ತೊಳೆಯಲು ಎದ್ದಾಗ ಮಾಸ್ತರ ಅಭ್ಯಾಸದಂತೆ ಹಗ್ಗವನ್ನು ಮತ್ತೆ ಮೀಟಿದ. ಸದ್ದು ಬರಲಿಲ್ಲ. ಬಗ್ಗಿ ನೋಡಿದರೆ ಗಂಟಿನ ಎರಡೂ ಬದಿಗೆ ತೊಗಟೆ ಸ್ವಲ್ಪ ಉಬ್ಬಿ, ಹಗ್ಗವನ್ನು ಅರ್ಧ ಮುಚ್ಚಿತ್ತು. ತುಟಿಗಳು ಹಗ್ಗ ಕಚ್ಚಿಕೊಂಡಂತೆ.

'ಹಸಿ ಮರ. ಬಿಗಿದಾಗ ಅಂಟು ಒಸರುತ್ತೆ,' ಎಂದುಕೊಂಡ. ಕಣ್ಣಿಗೆ ಕಂಡದ್ದಕ್ಕೆ ಕಾರಣವೊಂದು ಸಿಕ್ಕಿಬಿಟ್ಟರೆ ನಾವು ಮತ್ತೆ ಆ ಕಡೆ ನೋಡುವುದಿಲ್ಲ. ಅವನೂ ನೋಡಲಿಲ್ಲ.

ಪಾತ್ರೆ ತೊಳೆದು, ಹಾಗೇ ಸ್ನಾನವನ್ನೂ ಮುಗಿಸಿ ಬರುತ್ತೇವೆಂದು ಅತ್ತೆಯೂ ಹೆಂಡತಿಯೂ ನದಿಯ ತಿರುವಿನ ಕಡೆ ಹೊರಟರು. "ಮಗು ಮೇಲೆ ಕಣ್ಣಿರ್‍ಲಿ ಕಣ್ರೀ. ನೀರು ಹತ್ರಾನೇ ಇದೆ," ಎಂದಳು ಹೆಂಡತಿ, ತಿರುಗಿ ತಿರುಗಿ ನೋಡುತ್ತ.

ಕಣ್ಣಿತ್ತು. ಆದರೆ ಕಣ್ಣಿಗೆ ಊಟದ ಭಾರವೂ ಇತ್ತು. ಬುಗುರಿ ಒಮ್ಮೆ ನದಿಯ ಕಡೆ ಓಡಿದಳು, ಹಿಡಿದು ತಂದ. ಮತ್ತೆ ಓಡಿದಳು. ಮತ್ತೊಮ್ಮೆ ಹಿಡಿಯುವಷ್ಟರಲ್ಲಿ ಅವಳ ಪಾದ ನೀರಿನಲ್ಲಿತ್ತು, ಕೆಳಗಿನ ಕಲ್ಲು ಜಾರುತ್ತಿತ್ತು.  ಹಿಂದೊಮ್ಮೆ ಕೆಲಸದ ಜಾಗದಲ್ಲಿ ಹೀಗೇ ತೊಟ್ಟಿಗೆ ಬಿದ್ದಿದ್ದಳು. ಕೂದಲು ಹಿಡಿದು ಎಳೆದಿದ್ದ. ಅಂದಿನಿಂದ ಅವಳಿಗಾಗಿಯೇ ಒಂದು ಗಂಟು ಕಂಡುಹಿಡಿದಿದ್ದ. ಡೇರೆಯ ಅಂಚಿನ ಮೆತ್ತನೆಯ ಕೆಂಪು ಪಟ್ಟಿ. ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ತುದಿ ತನ್ನ ಸೊಂಟಕ್ಕೆ. ಎಷ್ಟು ಎಳೆದರೂ ಮಗುವಿನ ಹೊಟ್ಟೆಗೆ ಬಿಗಿಯಾಗದು, ಅವಳ ಪುಟ್ಟ ಬೆರಳಿಗೆ ಬಿಚ್ಚಲೂ ಬಾರದು. ಪ್ರತಿ ಕೆಲಸದ ಜಾಗದಲ್ಲೂ ಹಾಗೆ ಕಟ್ಟಿಕೊಂಡೇ ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದ.

ಕಟ್ಟಿದ. ತಾನು ಮಲಗಿದಾಗ ಒಮ್ಮೆಲೇ ಎಳೆದಾಳೆಂದು, ತನ್ನ ಬದಿಗೆ ಉದ್ದ ಬಿಟ್ಟು, ಪಟ್ಟಿಯ ನಡುವನ್ನು ಮರಕ್ಕೊಂದು ಸುತ್ತು ಸುತ್ತಿ ಗಂಟು ಹಾಕಿದ. ಮರದ ಬುಡಕ್ಕೆ ಒರಗಿದ. "ಅಲ್ಲಾಡಬೇಡ ಬುಗುರಿ, ಸ್ವಲ್ಪ ಹೊತ್ತು. ಅಪ್ಪನ ಬಂಗಾರ ಅಲ್ವಾ? ಸುಮ್ನೆ ಕೂತ್ಕೊ."

ಬುಗುರಿ ಒಂದು ಚಕ್ಕೋತವನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಲಾಲಿ ಹಾಡತೊಡಗಿದಳು. ಹಾಡು ದೂರವಾಯಿತು.

*

ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದಿಲ್ಲದ್ದರಿಂದ. ಎಲೆಗಳ ಮೇಲೆ ಮೋಡ ಇಳಿದು ತೋಟವಿಡೀ ಬೂದಿಬಣ್ಣವಾಗಿತ್ತು. ಆ ಟ್ರಂಕಿನ ವಾಸನೆ ಈಗ ಮೂಗಿನಲ್ಲೇ ಕುಳಿತಿತ್ತು.

"ಅಪ್ಪಾ." ಮರದ ಆಚೆ ಬದಿಯಿಂದ, ನಿದ್ದೆಗಣ್ಣಿನ ದನಿ. "ಅಪ್ಪಾ, ನಂಗೆ ಏಳಕ್ಕಾಗ್ತಿಲ್ಲ."

ಮೊಣಕಾಲಿನ ಮೇಲೇ ಸರಿದು ಹೋಗಿ ನೋಡಿದ. ಬುಗುರಿ ಕಾಂಡಕ್ಕೆ ಬೆನ್ನು ಕೊಟ್ಟು ನೆಟ್ಟಗೆ ಕುಳಿತಿದ್ದಳು. ಬುಗುರಿ ಯಾವತ್ತೂ ಹಾಗೆ ಕುಳಿತವಳಲ್ಲ. ನಿದ್ದೆಹೋಗುವ ಮುಂಚೆ ಅವಳಿಗೂ ಮರಕ್ಕೂ ನಡುವೆ ಪಟ್ಟಿ ಸಡಿಲವಾಗಿ ಹುಲ್ಲಿನ ಮೇಲೆ ಬಿದ್ದಿತ್ತು. ಈಗ ಆ ಸಡಿಲವೆಲ್ಲ ಎಲ್ಲಿಗೋ ಹೋಗಿತ್ತು. ಮರ ಅದನ್ನು ಒಳಗೆಳೆದುಕೊಂಡಿತ್ತು. ಅವಳ ಸೊಂಟದ ಹಿಂದೆ ಅಂಗಿ, ಪಟ್ಟಿ, ತೊಗಟೆ ಮೂರೂ ಒಂದಾಗಿ, ಎಲ್ಲಿ ಯಾವುದು ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ.

ಗಂಟು ಹುಡುಕಿದ. ಕತ್ತಲೆಯಲ್ಲಿ, ಮಳೆಯಲ್ಲಿ, ಹೆಪ್ಪುಗಟ್ಟಿದ ಬೆರಳಿನಲ್ಲಿ ಗಂಟು ಬಿಚ್ಚಿದವನು. ಬೆರಳು ಹೋದಲ್ಲೆಲ್ಲ ನುಣುಪು. ತುದಿಯಿಲ್ಲ. ಎಳೆಯಿಲ್ಲ. ಗಂಟೇ ಇಲ್ಲ.

ಜೇಬಿನಿಂದ ಚಾಕು ತೆಗೆದ. ಪಟ್ಟಿಯ ಕಂಡ ಭಾಗಕ್ಕೆ ಮೊನೆ ತಾಗಿಸಿದ, ಅಷ್ಟೆ. ಬುಗುರಿ ಚೀರಿದಳು. ಕೆಂಪು ಬಟ್ಟೆಯಿಂದ ಇನ್ನೂ ಕೆಂಪಾದದ್ದು ಒಸರಿ ಅವನ ಹೆಬ್ಬೆರಳಿನ ಮೇಲೆ ಇಳಿಯಿತು. ಬೆಚ್ಚಗಿತ್ತು.

ಚಾಕು ಕೈಯಿಂದ ಬಿತ್ತು.

ಆ ಚೀರಾಟಕ್ಕೆ ಎರಡೂ ಕಡೆಯಿಂದ ಓಡಿಬಂದರು: ನದಿಯಿಂದ ಒದ್ದೆ ಕೂದಲಿನ ಅತ್ತೆ, ಹೆಂಡತಿ; ಮೇಲಿನಿಂದ ಏದುಸಿರು ಬಿಡುತ್ತ ತೋಟದಮ್ಮ. ತೋಟದಮ್ಮ ಮಗುವನ್ನು ನೋಡಿದಳು. ಡೇರೆಯ ಹಗ್ಗಗಳನ್ನು ನೋಡಿದಳು. ಹಗ್ಗಗಳು ಈಗ ಮರದಿಂದಲೇ ಮೊಳೆತ ಬಿಳಲುಗಳ ಹಾಗಿದ್ದವು.

"ಹೇಳಿದ್ನಲ್ಲೋ!" ಎಂದಳು. ಬೈಗುಳವಾಗಿರಲಿಲ್ಲ ಅದು, ಅಳುವಿನ ಹತ್ತಿರವಿತ್ತು. "ಬಾಯಿ ಬಿಟ್ಟು ಹೇಳಿದ್ನಲ್ಲೋ!"

"ಏನು ಇದು? ಏನಾಗಿದೆ ನನ್ನ ಮಗೂಗೆ?" ಹೆಂಡತಿ ಅವಳ ತೋಳು ಹಿಡಿದು ಅಲುಗಾಡಿಸಿದಳು. "ಹೇಳ್ರೀ!"

"ಕಸಿ. ಕಸಿ ಹಿಡೀತಾ ಇದೆ."

ತೋಟದಮ್ಮ ಮೂರೇ ಉಸಿರಿನಲ್ಲಿ ಹೇಳಿದಳು. ಅವಳ ಗಂಡನ ಅಜ್ಜ ಕಸಿ ಕಟ್ಟುವವನು. ಕೊಂಬೆಗೆ ಕೊಂಬೆ ಸೇರಿಸಿ ಬಟ್ಟೆ ಸುತ್ತಿದನೆಂದರೆ ಹುಸಿಹೋಗುತ್ತಿರಲಿಲ್ಲ. ಅವನ ಹೆಂಡತಿ ಮಾಟ ಬಲ್ಲವಳು. ಅವನ ಹೊಡೆತ ಸಾಕಾಗಿ, ನದಿ ದಾಟಿ ತವರಿಗೆ ಹೋಗುತ್ತೇನೆಂದು ಹೊರಟಳು. ಬುದ್ಧಿ ಬರಲಿ ಎಂದು ಅವನು ಕಸಿಯ ಬಟ್ಟೆಯಲ್ಲೇ ಅವಳನ್ನು ಮರಕ್ಕೆ ಬಿಗಿದು ಮನೆಗೆ ಬಂದು ಮಲಗಿದ. ನದಿ ಏರಿತು. ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು. ಅವಳು ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನೀರು ಬಾಯಿಗೆ ಬರುವವರೆಗೂ ಮಂತ್ರ ಹೇಳುತ್ತ, ಹಲ್ಲಿನಲ್ಲೇ ಇನ್ನೊಂದು ಗಂಟು ಹಾಕಿದಳು: ಇಲ್ಲಿ ಕಟ್ಟಿದ್ದು ಇಲ್ಲೇ ಉಳೀಲಿ. ನೀರಿಳಿದ ಮೇಲೆ ನೋಡಿದರೆ ಬಟ್ಟೆಯಿತ್ತು, ಹಲ್ಲಿನ ಗಂಟಿತ್ತು. ಅವಳಿರಲಿಲ್ಲ. ಮರದ ನಡುವಿನಲ್ಲಿ ಒಂದು ಉಬ್ಬಿತ್ತು. "ಈ ತೋಟದ ಮರಗಳೆಲ್ಲ ಆ ಮರದಿಂದ ತೆಗೆದ ಕಸಿ."

"ಕಡಿದು ಹಾಕಬಾರದಾಗಿತ್ತಾ ದರಿದ್ರದ್ದನ್ನ!" ಎಂದು ಕೂಗಿದಳು ಅತ್ತೆ.

"ಕೊಡಲಿ ಎತ್ಕೊಂಡು ಹೋಗಿದ್ದೆ ಅಜ್ಜೀ. ಗೇಟಿನ ಹತ್ರದ ಮರಕ್ಕೆ." ತೋಟದಮ್ಮ ಆ ಕಡೆ ತಿರುಗದೆ ಹೇಳಿದಳು. "ಕಡಿಯೋದು ಯಾರನ್ನ, ನೀವೇ ಹೇಳಿ."

ಎಲ್ಲರಿಗೂ ಆ ಬಿಳಿ ಗುಂಡಿ ನೆನಪಾಯಿತು. 

"ದಾರಿ ಇದ್ರೆ ಹೇಳಮ್ಮಾ," ಎಂದ ಮಾಸ್ತರ. ಅವನ ದನಿಯೇ ಅವನಿಗೆ ಹೊಸದಾಗಿತ್ತು. "ಕಾಲಿಗೆ ಬೀಳ್ತೀನಿ."

"ಒಂದೇ. ಅಲ್ಲಾಡಿದ್ರೆ ಕಸಿ ಹಿಡಿಯಲ್ಲ. ಮಗು ನಿದ್ದೆ ಮಾಡಿದಾಗ ಹಿಡಿದಿದೆ. ಇನ್ನೂ ಹಸಿಯಾಗಿದೆ. ಅಲ್ಲಾಡಿಸಿ. ಕುಣಿಸಿ. ನಗಿಸಿ. ಒಂದು ಗಳಿಗೆ ಸುಮ್ನೆ ಇರೋಕೆ ಬಿಡಬೇಡಿ. ಎಳೀಬೇಡಿ, ಎಳೆದ್ರೆ ಹರಿಯೋದು ಮಗೂನೇ. ಅದೇ ಬೇಜಾರಾಗಿ ಬಿಡಬೇಕು."

*

ಹಾಗೆ ಶುರುವಾಯಿತು ಆ ಆಟ.

ಮಾಸ್ತರ ಕಾಂಡಕ್ಕೆ ಒತ್ತಿ ಮೊಣಕಾಲೂರಿ ಮಗುವಿನ ಕಂಕುಳಿಗೆ ಕೈಕೊಟ್ಟ. ಹೆಂಡತಿ ಮುಂದೆ ನಿಂತು ಚಪ್ಪಾಳೆ ತಟ್ಟಿದಳು. "ಅಲ್ಲಾಡು ಬುಗುರಿ! ಎಲ್ಲಿ, ಭುಜ ಕುಣಿಸು! ಅಮ್ಮನ ಥರ!" ಅತ್ತೆ ಒದ್ದೆ ಕೂದಲು ಕೆದರಿಕೊಂಡು ಕರಡಿಯಾದಳು, ಕೋತಿಯಾದಳು, ಅಳಿಯನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು ತೋರಿಸಿದಳು. ಬುಗುರಿ ಕಿಲಕಿಲ ನಕ್ಕಳು. ನಕ್ಕಾಗ ಮೈ ಅಲುಗಿತು. ಅಲುಗಿದಾಗ ಬೆನ್ನಿನ ಹಿಂದೆ ತೊಗಟೆ ಕರಕರನೆ ಸಿಡಿದು ಎಳೆಯಷ್ಟು ಬಿಟ್ಟುಕೊಟ್ಟಿತು.

"ಬಿಡ್ತಿದೆ! ಬಿಡ್ತಿದೆ ಕಣೇ!"

ಹುಟ್ಟಿದಾಗಿನಿಂದ 'ಅಲ್ಲಾಡಬೇಡ, ಸುಮ್ನಿರು' ಎಂದೇ ಕೇಳಿದ ಮಗುವಿಗೆ ಇದೆಂಥ ಹಬ್ಬ! ಕೈ ಬೀಸಿದಳು, ಕಾಲು ಬಡಿದಳು, ತಲೆ ತಿರುಗಿಸಿದಳು. ಹಾಡಿದರು. ಇದ್ದಬದ್ದ ಹಾಡೆಲ್ಲ ಮುಗಿದು ಮತ್ತೆ ಮೊದಲಿನಿಂದ ಹಾಡಿದರು. ಮೋಡ ಇನ್ನಷ್ಟು ಇಳಿಯಿತು. ಸಂಜೆಯೋ ಮಳೆಯೋ ತಿಳಿಯದ ಕತ್ತಲೆ. ಹಣ್ಣುಗಳು ಕೊಂಬೆಯಲ್ಲಿ ತಲೆ ಬಾಗಿಸಿ ಇದನ್ನೇ ನೋಡುತ್ತಿದ್ದಂತಿತ್ತು. ಗಾಳಿಯಿಲ್ಲ. ಒಂದು ಎಲೆಯೂ ಅಲುಗುತ್ತಿಲ್ಲ. ಆ ಮರಗಳಿಗೆ ಕಾಯುವುದು ಗೊತ್ತಿತ್ತು.

ಮಗುವಿಗೆ ಗೊತ್ತಿರಲಿಲ್ಲ. ನಗು ಸಣ್ಣದಾಯಿತು. ಕೈ ಭಾರವಾಯಿತು.

"ಅಮ್ಮಾ, ಸಾಕು."

"ಇನ್ನೊಂಚೂರು ಚಿನ್ನ. ಎಲ್ಲಿ, ಕಾಲು?"

"ನಿದ್ದೆ ಬರ್ತಿದೆ."

"ಬೇಡ! ನಿದ್ದೆ ಬೇಡ! ನೋಡು, ಅಜ್ಜಿ ನೋಡು, ಕೋತಿ!"

ಅಜ್ಜಿ ಕುಣಿಯುತ್ತಲೇ ಅಳುತ್ತಿದ್ದಳು. ಬುಗುರಿಯ ರೆಪ್ಪೆ ಇಳಿಯಿತು. ಇಳಿದ ಕೂಡಲೇ ತೊಗಟೆ ಮತ್ತೆ ಬಂದು ಕೂಡಿಕೊಂಡ ಸದ್ದು ಕೇಳಿಸಿತು. ಮಾಸ್ತರ ಅವಳ ತೊಡೆ ಚಿವುಟಿದ. ಅವಳು ಅತ್ತಳು. ಅತ್ತಾಗ ಅಲುಗಿದಳು. ಮತ್ತೆ ಚಿವುಟಿದ. ಎಂದೂ ಮಗುವಿನ ಮೇಲೆ ಕೈ ಮಾಡದವನು. ಅವಳ ಅಳುವೂ ಸೋತುಹೋಯಿತು. ಕತ್ತು ಅವನ ಭುಜದ ಮೇಲೆ ವಾಲಿತು. ಸೊಂಟದ ಉಬ್ಬು ಈಗ ಪಕ್ಕೆಲುಬಿಗೆ ಏರುತ್ತಿತ್ತು.

"ನೀರು. ಮುಖಕ್ಕೆ ನೀರು ಹಾಕೋಣ," ಎಂದು ಏಳಲು ಹೋದ.

ಏಳಲಾಗಲಿಲ್ಲ.

ಅಂಗಿಯ ಕೆಳಗೆ ಕೈ ಹಾಕಿದ. ಪಟ್ಟಿಯ ಇನ್ನೊಂದು ತುದಿ. ತನ್ನದೇ ಸೊಂಟದಲ್ಲಿದ್ದ ತನ್ನದೇ ಗಂಟು. ಈ ಗಲಾಟೆಯಲ್ಲಿ ಅದನ್ನು ಮರೆತೇಬಿಟ್ಟಿದ್ದ. ಮಗುವನ್ನು ಕುಣಿಸುತ್ತ ತಾನು ಅಲ್ಲಾಡದೆ ಒಂದೇ ಕಡೆ ಮೊಣಕಾಲೂರಿದ್ದ. ಪಟ್ಟಿ ತಣ್ಣಗೆ ಚರ್ಮಕ್ಕೆ ಅಂಟಿತ್ತು. ಅದರಾಚೆ ತೊಗಟೆ. ಅವನು ಮೈ ಒಮ್ಮೆ ಕೊಡವಿದ. ಚಟಚಟ ಎಂದು ಬಿಟ್ಟುಕೊಂಡಿತು. ತನ್ನದು ಬಿಡುತ್ತದೆ, ಸುಲಭವಾಗಿ. ಇನ್ನೂ ಹಸಿ.

ಆದರೆ ಅವನದು ಬಿಟ್ಟ ಗಳಿಗೆಯಲ್ಲೇ ಮಗುವಿನ ಬದಿ ಬಿಗಿಯಿತು. ಅವಳು ನಿದ್ದೆಯಲ್ಲೇ ನರಳಿದಳು.

ಮಾಸ್ತರ ತಲೆಯೆತ್ತಿ ತೋಟದಮ್ಮನನ್ನು ನೋಡಿದ. ಅವಳು ಎಲ್ಲವನ್ನೂ ಕಂಡಿದ್ದಳು. ಹತ್ತಿರ ಬಂದು ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು.

"ಅಲ್ಲಾಡೋದನ್ನ ಬಿಡುತ್ತೆ. ಸುಮ್ನಿರೋದನ್ನ ಹಿಡಿಯುತ್ತೆ." ಗೇಟಿನ ಕಡೆ ತಿರುಗಿದಳು. "ಬರಿಗೈಯಲ್ಲಿ ಮಾತ್ರ ಯಾವತ್ತೂ ಹೋಗಿಲ್ಲಪ್ಪಾ ಅದು. ನಮ್ಮ ಮನೆಯವರು... ಆವತ್ತು ಮರ ಮೊದಲು ಹಿಡಿದದ್ದು ನನ್ನನ್ನ."

 

ಅವನ ಕೈಗೆ ಗೊತ್ತಿದ್ದ ಗಂಟುಗಳೆಲ್ಲ ಒಮ್ಮೆ ಬೆರಳುಗಳಲ್ಲಿ ಸುಳಿದುಹೋದವು. ಯಾವುದೂ ಇಲ್ಲಿಗೆ ಬರುವುದಲ್ಲ. ಹೆಂಡತಿ ಚಪ್ಪಾಳೆ ತಟ್ಟುತ್ತಲೇ ಇದ್ದಳು, ಕಣ್ಣು ಮಗುವಿನ ಮೇಲೆ, ದನಿ ಸೀಳಿಹೋಗಿತ್ತು. "ಅಲ್ಲಾಡು ಬಂಗಾರ. ಅಲ್ಲಾಡೇ."

ಮಾಸ್ತರ ಮರಕ್ಕೆ ಪೂರ್ತಿ ಒರಗಿದ. ಕಾಲು ಮಡಚಿದ. ಉಸಿರನ್ನು ಸಣ್ಣದು ಮಾಡಿದ.

ಸುಮ್ಮನಾದ.

ಬಂತು. ಬೆನ್ನಿನ ಹಿಂದೆ ಏನೋ ತಿರುಗಿದ ಹಾಗೆ. ವಾಸನೆ ಹಿಡಿದ ನಾಯಿ ತಿರುಗುವ ಹಾಗೆ. ಮೊದಲು ತಣ್ಣಗೆ. ಆಮೇಲೆ ಮೆತ್ತಗೆ. ಸೊಂಟದಿಂದ ಬೆನ್ನಿಗೆ. ಬೆನ್ನಿನಿಂದ ತೊಡೆಗೆ. ನೋವಿಲ್ಲ, ನೋವಿದ್ದರೆ ಮೈ ಅಲುಗುತ್ತಿತ್ತು. ಓಡು ಎಂದು ಮೈಯೆಲ್ಲ ಕೂಗಿತು. ಅಲುಗಲಿಲ್ಲ. ಬೆವರಿನ ಹನಿ ಕಣ್ಣಿಗಿಳಿಯಿತು. ಒರೆಸಲಿಲ್ಲ. ಬಾಯಿಗೆ ಚಕ್ಕೋತದ ಸಿಪ್ಪೆಯ ಕಹಿ ಬಂತು. ಕಿವಿಯ ಹತ್ತಿರ ಹೆಂಗಸೊಬ್ಬಳು ಹಲ್ಲು ಕಚ್ಚಿಕೊಂಡು ಏನೋ ಹೇಳುತ್ತಿದ್ದಳು. ನದಿಯ ಸದ್ದು ಎಂದುಕೊಂಡದ್ದು ನದಿಯದಾಗಿರಲಿಲ್ಲ.

ಇನ್ನೊಂದು ಬದಿಯಲ್ಲಿ ತೊಗಟೆ ಫಟ್ಟನೆ ಸಿಡಿಯಿತು.

"ಈಗ! ತಗೋ!" ಎಂದ.

ಹೆಂಡತಿ ಮಗುವನ್ನು ಬಾಚಿಕೊಂಡಳು. ಬುಗುರಿ ಕಳಚಿಬಂದಳು, ಮಾಗಿದ ಹಣ್ಣು ತೊಟ್ಟಿನಿಂದ ಕಳಚುವ ಹಾಗೆ. ಸೊಂಟದ ಸುತ್ತ ತೊಗಟೆಯ ಅಚ್ಚು, ಅಲ್ಲಲ್ಲಿ ರಕ್ತ. ಕಾಲು ಅಲ್ಲಾಡಿತು. ಕೈ ಅಲ್ಲಾಡಿತು. ಕಣ್ಣು ಬಿಟ್ಟಳು. ಹೆಂಡತಿ ನೆಲಕ್ಕೆ ಕುಸಿದು, ಮಗುವಿನ ತಲೆಯನ್ನು ಕತ್ತಿಗೊತ್ತಿಕೊಂಡು, ಅಳುವೋ ನಗುವೋ ತಿಳಿಯದ ಸದ್ದು ಮಾಡಿದಳು.

"ಹೊರಡಿ," ಎಂದ ಮಾಸ್ತರ. "ಡಾಕ್ಟರ ಹತ್ರ ತೋರ್‍ಸು ಮೊದ್ಲು. ಇಲ್ಲಿ ಕೂರಬೇಡ. ನಡಿ, ನಡಿ."

"ನೀವು?"

"ನಾನು ಡೇರೆ ಬಿಚ್ಕೊಂಡು ಬರ್ತೀನಿ."

"ಹಾಳಾಗಿ ಹೋಗ್ಲಿ ರೀ ಆ ಡೇರೆ! ಬನ್ನಿ ಸುಮ್ನೆ!"

"ನೀನು ಹೊಲಿದಿರೋ ಡೇರೆ ಕಣೇ. ಬಿಟ್ಟು ಬರಕ್ಕಾಗುತ್ತಾ? ಕಾಲು ಬೇರೆ ಜೋಮು ಹಿಡಿದಿದೆ. ನಿಧಾನಕ್ಕೆ ಬರ್ತೀನಿ. ನೀ ಮುಂದೆ ನಡಿ." ಎಷ್ಟು ಸಹಜವಾಗಿ ಹೇಳಿದನೆಂದರೆ ಅವನಿಗೇ ಅರ್ಧ ನಂಬಿಕೆ ಬಂತು.

ಅತ್ತೆ ಮಾತ್ರ ಅಲ್ಲೇ ನಿಂತಿದ್ದಳು. ಅವಳ ಕಣ್ಣು ಅಳಿಯನ ಅಂಗಿಯ ಅಂಚಿನ ಮೇಲಿತ್ತು. ಅಲ್ಲಿ ಬಟ್ಟೆ ಎಲ್ಲಿ ಮುಗಿಯುತ್ತದೆ, ತೊಗಟೆ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುತ್ತಿರಲಿಲ್ಲ. ಅವಳ ಬಾಯಿ ತೆರೆಯಿತು. ಮಾಸ್ತರ ಕಣ್ಣಿನಲ್ಲೇ ಬೇಡ ಎಂದ. ಮಗಳ ಬೆನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಬಾಯಿ ಮುಚ್ಚಿದಳು. ಹೆಗಲ ಮೇಲಿದ್ದ ಶಾಲು ತೆಗೆದು, ಅವನ ಸೊಂಟ ತೊಡೆಗಳು ಕಾಣದಂತೆ, ಒಂದು ಮೂಲೆಯನ್ನೂ ಸಿಕ್ಕಿಸದೆ, ಮೆಲ್ಲಗೆ ಹೊದಿಸಿದಳು.

"ಚಳಿ ಆಗುತ್ತೆ ಮಗಾ," ಎಂದಳು.

ಹೆಂಡತಿ ಇಳಿಜಾರು ಹತ್ತತೊಡಗಿದಳು. ಒಂದು ಬದಿಗೆ ತೋಟದಮ್ಮ, ಹಿಂದೆ ಅತ್ತೆ. ಮಗು ಅಮ್ಮನ ಹೆಗಲಿನ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು. ಕತ್ತಲೆ ದಟ್ಟವಾಗಿತ್ತು, ಆದರೂ ಅಪ್ಪ ಕಾಣುತ್ತಿದ್ದ: ಮರಕ್ಕೆ ಒರಗಿ, ನೆಟ್ಟಗೆ. ಅಪ್ಪ ಯಾವತ್ತೂ ಅಷ್ಟು ಸುಮ್ಮನೆ ಕೂತವನಲ್ಲ. ಏನಾದರೊಂದು ಹಗ್ಗ ಅವನ ಬೆರಳಲ್ಲಿ ಓಡಾಡುತ್ತಲೇ ಇರುತ್ತಿತ್ತು. ಸುಮ್ಮನಿದ್ದರೆ ಏನಾಗುತ್ತದೆಂದು ಇವತ್ತು ಬುಗುರಿಗೆ ಗೊತ್ತಾಗಿತ್ತು.

"ಅಪ್ಪಾ, ಅಲ್ಲಾಡು!" ಎಂದು ಕೂಗಿದಳು.

ಅಪ್ಪ ಅಲ್ಲಾಡಲಿಲ್ಲ. ನಗಲು ನೋಡಿದ.

"ಅಲ್ಲಾಡಪ್ಪಾ! ಕೈ ಕುಣಿಸು! ಕಾಲು! ಎಲ್ಲಿ, ಕೋತಿ!" ತಾಯಿಯ ಹೆಗಲ ಮೇಲೇ ಚಪ್ಪಾಳೆ ತಟ್ಟತೊಡಗಿದಳು, ಪಟಪಟ ಪಟಪಟ. "ಅಲ್ಲಾಡು ಬಂಗಾರ! ನಿದ್ದೆ ಬೇಡ!"

ಮಗಳಿಗೆ ಇನ್ನೂ ಆಟದ ಗುಂಗು ಬಿಟ್ಟಿಲ್ಲವೆಂದುಕೊಂಡು, ತಾಯಿ ಆ ದಿನ ಮೊದಲ ಸಲ ನಕ್ಕಳು. "ಸಾಕು ಬಿಡೇ, ಅಪ್ಪ ಬರ್ತಾರೆ," ಎಂದು ಬೆನ್ನು ತಟ್ಟುತ್ತ, ಹಿಂದಿರುಗಿ ನೋಡದೆ, ಗೇಟಿನ ಕಡೆಗೆ ಬೇಗಬೇಗ ನಡೆದಳು.